ಗಂಟು ತಿರುಗಿಸಿದ ಕೈ

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಜರ್ಮನಿ ಆಮೇಲೆ. ನಾನು ಅಜ್ಜಿಯಾದೆ! ಗಂಡು ಕೂಸು, ತಲೆತುಂಬ ಕೂದಲು, ಅಳಲು ಬಾಯಿ ತೆಗೆದರೆ ಮೂರು ಮಾಳಿಗೆಗೂ ಕೇಳಬೇಕು. ಇದನ್ನು ಹೇಳದೆ ಬೇರೆ ಏನು ಬರೆಯಲು ಕೂತರೂ ಪೆನ್ನು ಅಲ್ಲಿಗೇ ಓಡುತ್ತದೆ. ನಾನು ನಾಲ್ಕನೇ ಇಯತ್ತೆ ಕಲಿತವಳು. ನಮ್ಮ ಮನೆಯವರು ಗದಗದ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಠಸ್ಸೆ ಹೊಡೆದವರು. ನನ್ನ ತಪ್ಪುಗಳನ್ನು ಅವರೇ ತಿದ್ದಿದ್ದಾರೆ. ಸಂತೋಷ ಅತಿಯಾಯಿತೆಂದು ಅವರು ಗೆರೆ ಎಳೆದು ಹೊಡೆದುಹಾಕಿದ್ದನ್ನು ಮಾತ್ರ ನಾನು ಮತ್ತೆ ಬರೆದಿದ್ದೇನೆ.

ಫ್ರಾಂಕ್‌ಫರ್ಟ್, ಇಳಿದ ದಿನ

ನನ್ನ ಜೊತೆ ಎರಡು ಗಂಟು ವಿಮಾನ ಹತ್ತಿದ್ದವು. ಒಂದರಲ್ಲಿ ಅಂಟಿನುಂಡಿ, ಒಣಶುಂಠಿ, ಅಜವಾನ, ಬಾಣಂತಿಗೆ ಬೇಕಾದ ಸಕಲವೂ. ಇನ್ನೊಂದರಲ್ಲಿ ಬರೀ ಹಳೆಯ ಬಟ್ಟೆ: ಉಟ್ಟು ಉಟ್ಟು ಮೆತ್ತಗಾದ ಸೀರೆಯ ತುಂಡುಗಳು, ಒಂದು ಕೌದಿ, ನನ್ನ ತಂಗಿಯ ಮೊಮ್ಮಗ ತೊಟ್ಟು ಬಿಟ್ಟ ನಾಲ್ಕು ಅಂಗಿ, ಎರಡು ಕುಲಾಯಿ. ನಮ್ಮ ಕಡೆ ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ತೊಡಿಸುವುದಿಲ್ಲ. ಚೆನ್ನಾಗಿ ಬೆಳೆದ ಮಗುವೊಂದು ತೊಟ್ಟು ಬಿಟ್ಟದ್ದನ್ನೇ ತೊಡಿಸಬೇಕು. ಆ ಮಗುವಿನ ಆಯುಷ್ಯ ಬಟ್ಟೆಯಲ್ಲಿ ಅಂಟಿಕೊಂಡು ಈ ಮಗುವಿಗೂ ಬರಲಿ ಎಂದು.

ತಿನ್ನುವ ಗಂಟು ಬಂತು. ತೊಡುವ ಗಂಟು ಬರಲಿಲ್ಲ. ನನ್ನನ್ನು ಕರೆದೊಯ್ಯಲು ಬಂದ ಅಳಿಯ ರಘು ಅಲ್ಲಿ ಇಲ್ಲಿ ಓಡಾಡಿ, ಅದು ಯಾವುದೋ ಬೇರೆ ದೇಶದಲ್ಲಿ ಇಳಿದಿದೆಯಂತೆ ಎಂದು ಸುದ್ದಿ ತಂದ. ಹಳೆಯ ಅರಿವೆಯ ಗಂಟಿಗೂ ಪ್ರವಾಸದ ಹುಚ್ಚು!

ಸುಂಕದ ಅಧಿಕಾರಿ ಅಂಟಿನುಂಡಿಯ ಡಬ್ಬಿ ತೆಗೆಸಿ ಮೂಗಿನ ಹತ್ತಿರ ಹಿಡಿದ.

"ಇದು ಔಷಧಾನೋ ತಿಂಡೀನೋ ಅಂತ ಕೇಳ್ತಿದಾರೆ ಅತ್ತೆ," ಎಂದ ರಘು. ಅವನು ಮೈಸೂರಿನವನು, ಮಾತು ಮೆತ್ತಗೆ.

"ಎರಡೂ ಹೌದನ್ನು. ಅವನ ಹೇಂತಿ ಬಸುರಿದ್ರ ನಾಕು ಒಯ್ಯಲಿ ಅನ್ನು."

ರಘು ಅಷ್ಟನ್ನೂ ಹೇಳಿದನೋ ಅರ್ಧ ನುಂಗಿದನೋ ತಿಳಿಯದು. ಆ ಮನುಷ್ಯ ಡಬ್ಬಿ ಮುಚ್ಚಿ, ನನಗೆ ಟೋಪಿ ಮುಟ್ಟಿ ತೋರಿಸಿದ.

ಹೈಡೆಲ್‌ಬರ್ಗ್, ಕೂಸು ಮನೆಗೆ ಬಂದ ವಾರ

ನನ್ನ ಮಗಳು ಸುನಂದಾ ಆ ಊರಿನ ಆಸ್ಪತ್ರೆಯಲ್ಲಿ ಡಾಕ್ಟರು. ಅಳಿಯ ನಕ್ಷತ್ರಗಳ ಲೆಕ್ಕ ಹಾಕುವ ಸಂಸ್ಥೆಯಲ್ಲಿ ಕೆಲಸಕ್ಕಿದ್ದಾನೆ. ನಾನು ಹೋದ ಮೂರನೆಯ ದಿನ ಕೂಸು ಹುಟ್ಟಿತು. ಆಸ್ಪತ್ರೆಯಿಂದ ರಘುವಿನ ಜೊತೆ ನಡೆದು ಬರುವಾಗ ದಾರಿಯಲ್ಲಿ ಕೆಂಪು ದೀಪ. ಅತ್ತಿತ್ತ ಒಂದು ವಾಹನವೂ ಇಲ್ಲ, ಆದರೂ ಹತ್ತು ಜನ ಗುಡಿಯಲ್ಲಿ ನಿಂತಂತೆ ನಿಂತಿದ್ದಾರೆ. ನಾನು ಎರಡೂ ಕೈ ತೊಟ್ಟಿಲು ಮಾಡಿ ತೂಗಿ ತೋರಿಸುತ್ತಾ ಒಬ್ಬೊಬ್ಬರಿಗೂ "ಮೊಮ್ಮಗ! ಮೊಮ್ಮಗ!" ಎಂದೆ. ಕೆಂಪು ದೀಪವಿದ್ದುದರಿಂದ ಪಾಪ ಅವರು ಓಡುವ ಹಾಗಿರಲಿಲ್ಲ. ಒಬ್ಬ ಮುದುಕ ನನ್ನ ಕೈ ಹಿಡಿದು ಕುಲುಕಿದ. ಹಸಿರು ಬಿದ್ದ ಮೇಲೂ ಬಿಡಲಿಲ್ಲ.

ಕೂಸು ಮನೆಗೆ ಬಂದಾಗ ತೊಡಿಸಲು ಹಳೆಯ ಅಂಗಿಯಿಲ್ಲ. ಆಸ್ಪತ್ರೆಯದು ಯಾರು ಯಾರು ತೊಟ್ಟದ್ದೋ, ಅದು ನನ್ನ ಮಟ್ಟಿಗೆ ಲೆಕ್ಕಕ್ಕಿಲ್ಲ. ನಾನು ಉಟ್ಟ ಸೀರೆಯ ಸೆರಗನ್ನೇ ಹರಿದು ಸುತ್ತಿದೆ.

ಮರುದಿನ ಹತ್ತು ಗಂಟೆಗೆ ಎರೆಯಲು ಕೂತೆ. ಕಾಲು ಚಾಚಿ, ಕೂಸನ್ನು ಕಾಲಮೇಲೆ ಬೋರಲು ಹಾಕಿ, ಎಣ್ಣೆ ತಿಕ್ಕಿ ನಲ್ಲಿ ತಿರುಗಿಸಿದರೆ ಬಾವಿಯ ನೀರಿಗಿಂತ ತಣ್ಣಗಿನ ನೀರು. ಪೆಟ್ರೋಲು, ನೀರು ಕಾಯಿಸುವ ಎಣ್ಣೆ ತುಟ್ಟಿಯಾದಾಗಿನಿಂದ ಕಟ್ಟಡದ ಹೌಸ್‌ಮೈಸ್ಟರ್, ಅಂದರೆ ಉಸ್ತುವಾರಿಯ ಮನುಷ್ಯ, ಬಿಸಿನೀರು ಬೆಳಿಗ್ಗೆ ಎಂಟರ ತನಕ ಮಾತ್ರ ಎಂದು ಮೆಟ್ಟಿಲ ಹತ್ತಿರ ಚೀಟಿ ಅಂಟಿಸಿದ್ದಾನಂತೆ. ನನಗೆ ಆ ಚೀಟಿ ಓದಲು ಬರುತ್ತದೆಯೇ? ಕೂಸು ಚೀರಿತು, ನಾನೂ ಚೀರಿದೆ.

"ಅವ್ವಾ, ಹಂಗ ಒದರಬ್ಯಾಡ, ಮಂದಿ ಬಾಗಲಾ ತಗದು ನೋಡ್ತಾರ!" ಎಂದು ಸುನಂದಾ ಮಲಗಿದಲ್ಲಿಂದಲೇ ಕೂಗಿದಳು.

ಬಾಗಿಲು ತೆಗೆದು ನೋಡಿದವಳೇ ಮೇಲಿನ ಮನೆಯ ಮುದುಕಿ, ಮಾರ್ತಾ. ನಮ್ಮ ಮಾತಿನಲ್ಲಿ ಮಾರ್ತಾಬಾಯಿ. ನನ್ನ ವಾರಿಗೆಯವಳು, ಒಂಟಿ ಜೀವ. ಏನೂ ಕೇಳದೆ ಮೇಲೆ ಹೋಗಿ, ಹೊಗೆಯಾಡುವ ಕೆಟಲನ್ನು ಟವೆಲಿನಲ್ಲಿ ಸುತ್ತಿ ತಂದಳು. ಬಿಸಿಗೆ ತಣ್ಣೀರು ಬೆರೆಸಿ, ಮೊಳಕೈ ಅದ್ದಿ ನೋಡಿ, ನಾನು ತಿಕ್ಕುತ್ತಿದ್ದಂತೆ ಅವಳು ಸಣ್ಣಗೆ ಹುಯ್ದಳು. ಮೊಳಕೈ ಅದ್ದಿ ನೋಡುವುದನ್ನು ನಮ್ಮವ್ವ ನನಗೆ ಕಲಿಸಿದ್ದು. ಅವಳಿಗೆ ಯಾರು ಕಲಿಸಿದರೋ! ಅಂದಿನಿಂದ ದಿನಾ ಹತ್ತಕ್ಕೆ ಸರಿಯಾಗಿ ಕೆಟಲು ಬರತೊಡಗಿತು.

ನಾಲ್ಕನೆಯ ದಿನ ನಾನು ಸುನಂದಾಗೆ, "ಇಕಿ ಹತ್ರ ಯಾವುದಾರ ಕೂಸಿನ ಹಳೆ ಅಂಗಿ ಐತೇನು ಕೇಳು," ಎಂದೆ. ಮಾರ್ತಾಬಾಯಿಯ ಮುಖ ಅರಳಿತು. ಮೇಲೆ ಹೋಗಿ ಒಂದು ರಟ್ಟಿನ ಡಬ್ಬಿ ತಂದಳು. ಒಳಗೆ ಬಿಳಿ ಉಣ್ಣೆಯ ಪುಟ್ಟ ಸ್ವೆಟರ್, ಅಂಚಿಗೆ ಹಸಿರು ಎಲೆಗಳ ಸಾಲು. ಅಂಥ ನಯದ ಕೈಕೆಲಸ ನಾನು ಕಂಡಿಲ್ಲ.

"ಯಾರು ತೊಟ್ಟಿದ್ದಂತ?"

"ಯಾರೂ ತೊಟ್ಟಿಲ್ಲಂತವಾ. ಹೊಸಾದು."

"ಹಂಗಾರ ಬ್ಯಾಡ. ಯಾರೂ ತೊಡಲಾರದ ಅರಿವಿ ಕೂಸಿಗೆ ಆಗೂದಿಲ್ಲ ಅನ್ನು."

"ಹಂಗ ಹ್ಯಾಂಗ ಹೇಳ್ಲೆವಾ?"

"ಇದ್ದದ್ದು ಇದ್ದಂಗ ಹೇಳು. ಅದರಾಗೇನೈತಿ?"

ಸುನಂದಾ ಹೇಳಿದಳು. ಮಾರ್ತಾಬಾಯಿ ಸ್ವೆಟರಿನ ತೋಳುಗಳನ್ನು ಒಳಕ್ಕೆ ಮಡಚಿ ಡಬ್ಬಿ ಮುಚ್ಚಿದಳು. ಮರುದಿನವೂ ಹತ್ತಕ್ಕೇ ಕೆಟಲು ಬಂತು. ಆದರೆ ಬಾಗಿಲ ಹೊರಗೆ ಇಟ್ಟು, ಎರಡು ಸಲ ತಟ್ಟಿ, ನಾನು ತೆಗೆಯುವಷ್ಟರಲ್ಲಿ ಅವಳ ಹೆಜ್ಜೆ ಮೆಟ್ಟಿಲು ಏರಿಹೋಗಿತ್ತು. ಸಂತೋಷದಲ್ಲಿದ್ದವರಿಗೆ ಕಣ್ಣು ಸ್ವಲ್ಪ ಮಂದ. ಏನೋ ತಪ್ಪಿದೆ ಎಂದು ತಿಳಿಯಿತು, ಏನೆಂದು ತಿಳಿಯಲಿಲ್ಲ.

ಮೇಲಿನ ಮನೆ, ಟಿ.ವಿ.ಯ ಸಂಜೆ

ಆ ವರ್ಷ ಅಮೆರಿಕದಲ್ಲಿ ಚುನಾವಣೆ. ಗಾದಿಯ ಮೇಲಿದ್ದವನೂ ಗಾದಿ ಕೇಳುವವನೂ ಎದುರುಬದುರು ನಿಂತು, ಪರದೇಶಗಳ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ವಾದ ಮಾಡಿದ್ದರು. ಅದನ್ನು ಮರುದಿನ ಸಂಜೆ ಜರ್ಮನಿಯಲ್ಲಿ ತೋರಿಸುವವರಿದ್ದರು. ನಮ್ಮ ಮನೆಯಲ್ಲಿ ಟಿ.ವಿ. ಇಲ್ಲ, ಮಾರ್ತಾಬಾಯಿಯಲ್ಲಿ ಇದೆ. ಡಾರ್ಮ್‌ಸ್ಟಾಟ್‌ನಲ್ಲಿ ಓದುವ ರಘುವಿನ ಗೆಳೆಯ ಚಂದ್ರು ಅದಕ್ಕಾಗಿಯೇ ರೈಲು ಹತ್ತಿ ಬಂದಿದ್ದ. ನಾನು ಅಂಟಿನುಂಡಿ ತಟ್ಟೆ ಹಿಡಿದು ಅವರ ಬೆನ್ನಿಗೆ ಹೊರಟೆ. ವಾದ ಕೇಳಲು ಅಲ್ಲ, ರಾಜಿಯಾಗಲು.

"ಅತ್ತೆ, ನಿಮಗೆ ಬೋರಾಗತ್ತೆ," ಎಂದ ರಘು.

"ಆಗ್ಲಿ ಬಿಡಪಾ. ನೀವು ನೋಡ್ರಿ, ನಾ ಕೂಡ್ತೀನಿ."

ಮಾರ್ತಾಬಾಯಿ ತಟ್ಟೆ ತೆಗೆದುಕೊಂಡಳು, ನಗಲಿಲ್ಲ. ಮೂಲೆಯ ಕುರ್ಚಿಯಲ್ಲಿ ಹೆಣಿಕೆ ಹಿಡಿದು ಕೂತಳು. ಕಡ್ಡಿಗಳ ಮೇಲೆ ಕೆಂಪು ಉಣ್ಣೆ.

"ಗುರು, ಹೋದ ಸಲದ ಡಿಬೇಟಲ್ಲಿ ಏನಾಯ್ತು ಗೊತ್ತಾ?" ಎಂದು ಚಂದ್ರು ಉಂಡಿ ಕಡಿಯುತ್ತಾ ಹೇಳಿದ. "ಮೈಕ್ ಕೆಟ್ಟೋಯ್ತು ಮಗಾ! ಅರ್ಧ ಗಂಟೆ ಇಬ್ರೂ ದ್ವಾರಪಾಲಕರ ಥರ ನಿಂತಿದ್ರು. ಒಬ್ನೂ ಪಕ್ಕದವನ್ನ ಮಾತಾಡಿಸ್ಲಿಲ್ಲ!"

ಟಿ.ವಿ.ಯಲ್ಲಿ ಇಬ್ಬರು ಎತ್ತರದ ಗಂಡಸರು ಎರಡು ಮೇಜುಗಳ ಹಿಂದೆ. ಎದುರಿಗೆ ಪ್ರಶ್ನೆ ಕೇಳುವವರು. ಒಬ್ಬ ಮಾತಾಡುವಾಗ ಇನ್ನೊಬ್ಬ ಬಾಯಿ ಮುಚ್ಚಿ ಕಾಯುತ್ತಾನೆ. ದೇಶದ ದೊರೆಯನ್ನು ನಿಲ್ಲಿಸಿ, ಪ್ರಶ್ನೆ ಕೇಳುವವರು ಕೂತಿದ್ದಾರೆ! ನನಗೆ ಬೇರೆ ಏನೂ ತಿಳಿಯದಿದ್ದರೂ ಅದು ಕಣ್ಣಿಗೆ ಬಿತ್ತು.

"ಅಜ್ಜಿ, ನಮ್ಮೂರ್ ಕಡೆ ಈಗ ಹೇಗಿದೆ? ತುರ್ತು ಪರಿಸ್ಥಿತಿ ಅಂತಾರಲ್ಲ, ಜನ ಏನಂತಾರೆ?" ಎಂದು ಚಂದ್ರು ಕೇಳಿದ.

ನಾನು ಉತ್ತರ ಕೊಡುವ ಮುಂಚೆ ತಿರುಗಿ ಬಾಗಿಲ ಕಡೆ ನೋಡಿದೆ. ಯಾಕೆ ನೋಡಿದೆನೋ! ಗದಗದಲ್ಲಿ ಆ ವರ್ಷ ಎಲ್ಲರಿಗೂ ಹತ್ತಿದ ಚಾಳಿ ಅದು. ನಮ್ಮ ಮನೆಯವರ ಕಾಗದದಲ್ಲೂ ಮಳೆ, ಬೆಳೆ, ಕ್ಷೇಮ ಬಿಟ್ಟರೆ ನಾಲ್ಕನೆಯ ಸುದ್ದಿ ಇರುತ್ತಿರಲಿಲ್ಲ. ಮಾರ್ತಾಬಾಯಿ ಕಡ್ಡಿ ನಿಲ್ಲಿಸಿ ನನ್ನನ್ನೇ ನೋಡಿದಳು. ಆಮೇಲೆ ತಾನೂ ಬಾಗಿಲ ಕಡೆ ನೋಡಿ, ನನ್ನ ಕಡೆ ನೋಡಿ, ಬಾಯಿಗೆ ಬೆರಳಿಟ್ಟು ನಕ್ಕಳು. ಆರು ದಿನದ ಮೇಲೆ ಮೊದಲ ನಗು. ಅವಳಿಗೂ ಆ ಚಾಳಿ ಗೊತ್ತಿತ್ತು.

ನಾನು ರಘುವಿಗೆ ಕೇಳಿದೆ: "ಮನ್ಯಾಗ ಎಣ್ಣಿ ತುಟ್ಟಿ, ಹುಡುಗರಿಗೆ ಕೆಲಸ ಇಲ್ಲ ಅಂತೀರಿ. ಇವರು ನೋಡಿದ್ರ ಮಂದಿ ಊರಿನ ಮಾತು ಆಡಾಕತ್ತಾರ?"

"ಎಣ್ಣೆ ಬರೋದೇ ಹೊರಗಿನಿಂದ ಅತ್ತೆ. ಅಲ್ಲಿ ಜಗಳ ಆದ್ರೆ ಇಲ್ಲಿ ನಿಮ್ಮ ಬಾಣಂತಿ ನೀರು ತಣ್ಣಗಾಗತ್ತೆ."

ಅಲ್ಲಿಗೆ ನನಗೂ ವಾದದಲ್ಲಿ ಆಸಕ್ತಿ ಹುಟ್ಟಿತು. ನನ್ನ ಹಂಡೆಯ ವಿಷಯವಲ್ಲವೇ!

ಹೀಗೆ ನಡೆದಿರುವಾಗ, ಗಾದಿಯ ಮೇಲಿದ್ದವನು ಏನೋ ಒಂದು ಹೇಳಿದ. ಪ್ರಶ್ನೆ ಕೇಳಿದವನೇ ಬೆಚ್ಚಿ ಮತ್ತೆ ಕೇಳಿದ. ಚಂದ್ರು ಕುರ್ಚಿಯಿಂದ ಎದ್ದೇಬಿಟ್ಟ.

"ಬಿದ್ದ ಗುರು, ಬಿದ್ದ! ಇವನ ಎಲೆಕ್ಷನ್ ಇವತ್ತಿಗೇ ಮುಗೀತು!"

"ಏನಂದಾ?"

ರಘು ಬಿಡಿಸಿ ಹೇಳಿದ. ಯುರೋಪಿನ ಮೂಡಲಲ್ಲಿರುವ ದೇಶಗಳ ಮೇಲೆ ರಷ್ಯದವರ ಕೈ ಇಲ್ಲ, ಅವು ತಮ್ಮ ಪಾಡಿಗೆ ತಾವಿವೆ ಎನ್ನುವಂಥ ಮಾತು. ಇಬ್ಬರು ಹುಡುಗರೂ ನಗುತ್ತಿದ್ದರು. ಮಾರ್ತಾಬಾಯಿಯ ಕಡ್ಡಿ ನಿಂತಿತ್ತು. ಅವಳು ಮೆಲ್ಲಗೆ ಜರ್ಮನ್‌ನಲ್ಲಿ ಒಂದೇ ಮಾತು ಕೇಳಿದಳು. ನಗು ಅಲ್ಲೇ ಕತ್ತರಿಸಿದಂತಾಯಿತು.

"ಏನಂದ್ಲು?" ಎಂದೆ.

"'ಅವರ ಮೇಲೆ ಯಾರ ಕೈಯೂ ಇಲ್ಲ ಅಂದ್ರೆ, ನನ್ನ ಗಂಟು ತಿರುಗಿಸಿದ ಕೈ ಯಾರದು?' ಅಂತ ಕೇಳ್ತಿದಾರೆ ಅತ್ತೆ."

ಆಮೇಲೆ ಅವಳು ಹೇಳಿದ್ದನ್ನು ರಘು ತುಂಡು ತುಂಡಾಗಿ ಕನ್ನಡಕ್ಕೆ ತಂದ. ಮಾರ್ತಾಬಾಯಿ ಜರ್ಮನ್ ಹೆಂಗಸಲ್ಲ, ಝೆಕ್ ದೇಶದ ಬ್ರನೋ ಊರಿನವಳು. ಎಂಟು ವರ್ಷದ ಹಿಂದೆ ರಷ್ಯದ ಟ್ಯಾಂಕುಗಳು ಬಂದಾಗ ಗಂಡನ ಜೊತೆ ಒಂದು ಪೆಟ್ಟಿಗೆ ಹಿಡಿದು ಓಡಿಬಂದಳು. ಗಂಡ ಇಲ್ಲೇ ತೀರಿಕೊಂಡ. ಮಗಳು ಬರಲಿಲ್ಲ, ಅವಳಿಗೆ ಮದುವೆ ನಿಶ್ಚಯವಾಗಿತ್ತು. ಈಗ ಅಲ್ಲಿ ಶಾಲೆಯ ಮಾಸ್ತರಿಣಿ. ಓಡಿಬಂದವರು ಹಿಂದೆ ಹೋಗುವ ಹಾಗಿಲ್ಲ, ಅಲ್ಲಿದ್ದವರು ಈಚೆ ಬರುವ ಹಾಗಿಲ್ಲ. ಮೊಮ್ಮಗಳಿಗೆ ಈ ಚಳಿಗಾಲದಲ್ಲಿ ಏಳು ತುಂಬುತ್ತದೆ. ಅಜ್ಜಿ ಒಮ್ಮೆಯೂ ನೋಡಿಲ್ಲ.

ಹುಟ್ಟಿದಾಗ ಒಂದು, ಆಮೇಲೆ ವರ್ಷಕ್ಕೊಂದು ಸ್ವೆಟರ್ ಹೆಣೆದಳು. ಮೊದಲ ಮೂರನ್ನು ಅಂಚೆಗೆ ಹಾಕಿದಳು. ಮೂರೂ "ಸ್ವೀಕರಿಸಿಲ್ಲ" ಎಂಬ ಠಸ್ಸೆಯೊಂದಿಗೆ ತಿರುಗಿ ಬಂದವು. ಮಗಳ ಕಾಗದ ವರ್ಷಕ್ಕೆ ಒಂದು, ನಾಲ್ಕೇ ಸಾಲು, ಕ್ಷೇಮ ಮಾತ್ರ. ಸ್ವೆಟರಿನ ಸುದ್ದಿ ಅದರಲ್ಲಿಲ್ಲ. ತಿರುಗಿಸಿದ್ದು ಸರಕಾರವೋ, ತಾಯಿ ಬಿಟ್ಟುಹೋದಳೆಂದು ಮುನಿದ ಮಗಳೋ, ಅವಳಿಗೆ ಗೊತ್ತಿಲ್ಲ.

"ಅವನು ತಪ್ಪು ಹೇಳಿದ, ಬಿಡಿ," ಎಂದು ರಘು ಅವಳಿಗೆ ಸಮಾಧಾನ ಹೇಳಿದ.

ಅವಳ ಉತ್ತರ ಹೀಗಿತ್ತು: "'ಗೊತ್ತು. ಸರಕಾರದ ಕೈಯೇ ಅಂತ ಇಷ್ಟು ವರ್ಷದಿಂದ ನನಗೆ ನಾನೇ ಹೇಳ್ಕೊಳ್ತಿದೀನಿ. ಆದರೆ ಅಷ್ಟು ದೊಡ್ಡ ಮನುಷ್ಯನೇ ಅಲ್ಲ ಅಂದಾಗ, ಒಂದು ಗಳಿಗೆ ಮಗಳ ಕೈಯೇ ಅನ್ನಿಸಿಬಿಡ್ತು.'"

ಯಾರೂ ತೊಡದ ಅರಿವೆ ಆಗುವುದಿಲ್ಲ ಎಂದು ನಾನು ಅಂದದ್ದು ಈ ಹೆಂಗಸಿಗೆ. ನನ್ನ ಮುಖ ಎಲ್ಲಿಡಲಿ? ಅಮೆರಿಕದ ದೊರೆಯೂ ನಾನೂ ಒಂದೇ ವಾರದಲ್ಲಿ, ತಿಳಿಯದ ಊರಿನ ಮೇಲೆ ಬಾಯಿ ಬಿಟ್ಟಿದ್ದೆವು.

ಅಲ್ಲಿಂದ ಹೊರಡುವ ತನಕ

ಮರುದಿನ ಕೆಟಲು ಬರುವ ಮುಂಚೆಯೇ ನಾನು ಕೂಸನ್ನು ಎತ್ತಿಕೊಂಡು ಮೇಲೆ ಹೋದೆ. ಮೆಟ್ಟಿಲು ಹತ್ತಿಸಬಾರದು, ಗಾಳಿ ತಾಗಬಾರದು, ಎಲ್ಲ ಶಾಸ್ತ್ರವನ್ನೂ ಪಕ್ಕಕ್ಕಿಟ್ಟೆ. ಡಬ್ಬಿಯ ಕಡೆ ಬೆರಳು ಮಾಡಿದೆ. ಅವಳು ತೆಗೆಯಲಿಲ್ಲ. ನಾನೇ ತೆಗೆದು, ಎಲೆಸಾಲಿನ ಬಿಳಿ ಸ್ವೆಟರನ್ನು ಅವಳ ಕೈಗೆ ಕೊಟ್ಟು, ಕೂಸನ್ನು ಅವಳ ತೊಡೆಯ ಮೇಲೆ ಹಾಕಿದೆ. ಅವಳೇ ತೊಡಿಸಿದಳು. ಒಂದೊಂದು ತೋಳಿಗೂ ಎಷ್ಟು ಹೊತ್ತು ಹಿಡಿದಳು! ಕೂಸು ಅಷ್ಟು ಹೊತ್ತೂ ಅಳಲಿಲ್ಲ, ನನ್ನ ಬಂಗಾರ.

ಆ ಸಂಜೆ ಮನೆಯಲ್ಲಿ ಹೇಳಿದೆ: "ಮಾರ್ತಾಬಾಯಿ ಹೆಣಿಯಾಕತ್ತಿದ್ದ ಆ ಕೆಂಪು ಸ್ವೆಟರು ನಾ ಗದಗಕ್ಕ ಒಯ್ತೀನಿ. ಅಲ್ಲಿಂದ ನನ್ನ ಹೆಸರಿಲೆ ಹಾಕ್ತೀನಿ. ನಮ್ಮ ದೇಶದ ಗಂಟು ಅವರು ಯಾಕ ತಿರುಗಿಸ್ತಾರ? ನಮಗೂ ಅವರಿಗೂ ದೋಸ್ತಿ ಐತಿ ಅಂತ ರೇಡಿಯೋದಾಗ ದಿನಾ ಹೇಳ್ತಾರ."

"ಅತ್ತೆ, ಇದೆಲ್ಲ ಪೊಲಿಟಿಕಲ್ ವಿಷಯ," ಎಂದ ರಘು.

"ಅಲ್ಲಪಾ, ಪೋಸ್ಟಿನ ವಿಷಯ. ಪೋಸ್ಟಿನ ವಿಷಯ ನನಗ ಗೊತ್ತೈತಿ."

ಸುನಂದಾ ಮೇಲೆ ಹೋಗಿ ಕೇಳಿ ಬಂದಳು. ಮಾರ್ತಾಬಾಯಿ ಒಲ್ಲೆ ಎಂದಳಂತೆ.

"ಯಾಕಂತ?"

"'ನಿಮ್ಮೂರಿಂದ ಹೋದದ್ದೂ ತಿರುಗಿ ಬಂದ್ರ, ಮಗಳ ಕೈನೇ ಅಂತ ಖರೇ ಆಗ್ತದ. ಈಗ ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕ ಬದುಕೀನಿ' ಅಂದ್ಲವಾ."

ಎರಡು ತಿಂಗಳು ನಾನು ಮತ್ತೆ ಕೇಳಲಿಲ್ಲ. ದಿನಾ ಹತ್ತಕ್ಕೆ ಅವಳು ಹುಯ್ದಳು, ನಾನು ಎರೆದೆ. ಕಳೆದುಹೋದ ಹಳೆಯ ಬಟ್ಟೆಯ ಗಂಟು ಒಂದು ದಿನ ಬಂದೇಬಿಟ್ಟಿತು, ಹೋದ ದೇಶಗಳ ಚೀಟಿ ಅಂಟಿಸಿಕೊಂಡು. ಮಾರ್ತಾಬಾಯಿ ಆ ಚೀಟಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಹಳೆಯ ಅರಿವೆ ಇಷ್ಟು ದೇಶ ಸುತ್ತಿ ಬರಬಹುದಾದರೆ, ಎಂದುಕೊಂಡಳೋ ಏನೋ.

ನಾನು ಹೊರಟ ದಿನ ಕಾರಿನ ಕಿಟಕಿಯಿಂದ ಒಂದು ಪೊಟ್ಟಣ ನನ್ನ ಮಡಿಲಿಗೆ ಬಿತ್ತು. ಕೆಂಪು ಸ್ವೆಟರ್, ಏಳು ವರ್ಷದ ಮಗುವಿನ ಅಳತೆ, ಅಂಚಿಗೆ ಅದೇ ಎಲೆಸಾಲು. ಜೊತೆಗೆ ಒಂದು ಚೀಟಿಯಲ್ಲಿ ವಿಳಾಸ. ಕಾಗದವಿಲ್ಲ, ತನ್ನ ಹೆಸರಿಲ್ಲ. ಮಾರ್ತಾಬಾಯಿ ನಿಂತು ನೋಡಲಿಲ್ಲ, ಒಳಗೆ ಹೋದಳು.

ಗದಗ

ನಮ್ಮ ಮನೆಯವರು ಅದನ್ನು ಬಿಳಿ ಮಾದರಪಾಟು ಬಟ್ಟೆಯಲ್ಲಿ ಹೊಲಿದರು. ಹೊಲಿಗೆಯ ಮೇಲೆ ಬೆರಳಗಲಕ್ಕೆ ಒಂದರಂತೆ ಅರಗು ಬಿಟ್ಟರು. ನೇರಳೆ ಪೆನ್ಸಿಲನ್ನು ನಾಲಿಗೆಗೆ ತಾಗಿಸಿ ಆ ಊರಿನ ವಿಳಾಸವನ್ನು ಚಿತ್ರ ಬರೆದಂತೆ ಬರೆದರು. ಕಳಿಸಿದವರ ಜಾಗದಲ್ಲಿ ನನ್ನ ಹೆಸರು.

"ತಿರುಗಿ ಬಂದ್ರ?" ಎಂದರು.

"ಸುಮ್ನಿರ್ರಿ."

ಆಮೇಲೆ ಅಂಚೆಯವನ ಸೈಕಲ್ ಗಂಟೆ ಕೇಳಿದರೆ ನಾನು ಹಿತ್ತಿಲಿಗೆ ಹೋಗತೊಡಗಿದೆ. ಮೂವತ್ತು ವರ್ಷ ಅಂಚೆಯ ಅನ್ನ ಉಂಡವಳು, ಅಂಚೆಗೆ ಅಂಜಿದ್ದು ಅದೇ ಮೊದಲು. ಬಿಸಿಲು ಬಂತು. ನಮ್ಮಲ್ಲೂ ಚುನಾವಣೆಯಾಗಿ ಸರಕಾರ ಬದಲಾಯಿತು, ಜನ ಮತ್ತೆ ಕಟ್ಟೆಯ ಮೇಲೆ ಕೂತು ಜೋರಾಗಿ ಮಾತಾಡಿದರು. ಗಂಟು ಬರಲಿಲ್ಲ, ಸುದ್ದಿಯೂ ಬರಲಿಲ್ಲ.

ಮೊದಲ ಮಳೆಯ ವಾರ ಒಂದು ತೆಳುವಾದ ಲಕೋಟೆ ಬಂತು. ಒಳಗೆ ಕಾಗದವಿಲ್ಲ, ಒಂದು ಫೋಟೋ ಮಾತ್ರ. ಹಲ್ಲು ಬಿದ್ದ ಹುಡುಗಿಯೊಬ್ಬಳು ಸ್ವೆಟರ್ ತೊಟ್ಟು ನಗುತ್ತಿದ್ದಾಳೆ. ಫೋಟೋ ಕಪ್ಪುಬಿಳುಪು, ಆದರೂ ಎಲೆಸಾಲು ತಿಳಿಯುತ್ತದೆ. ಪಕ್ಕದಲ್ಲಿ ತಾಯಿ. ಸೆಖೆಯ ದಿನವಿರಬೇಕು, ಅವಳು ತೊಟ್ಟದ್ದು ತೋಳಿಲ್ಲದ ಅಂಗಿ. ಕೊರಳಿಗೆ ಮಾತ್ರ ಅಂಚು ಜೂಲಾದ ಹಳೆಯ ಉಣ್ಣೆಯ ಪಟ್ಟಿ ಸುತ್ತಿಕೊಂಡಿದ್ದಾಳೆ. ನಾನು ಕನ್ನಡಕ ಹಾಕಿ ನೋಡಿದೆ. ಅದರ ಅಂಚಿಗೂ ಅದೇ ಎಲೆಸಾಲು. ಅವ್ವ ಓಡಿಬರುವ ಮುಂಚೆ ಹೆಣೆದುಕೊಟ್ಟದ್ದಿರಬೇಕು.

ಅಂದೇ ಆ ಫೋಟೋವನ್ನು ಹೈಡೆಲ್‌ಬರ್ಗ್‌ಗೆ ಹಾಕಿದೆವು. ಸುನಂದಾ ಬರೆದಳು: ಮಾರ್ತಾಬಾಯಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳಂತೆ. ಅಳಲಿಲ್ಲವಂತೆ. ಕೊನೆಗೆ ಹುಡುಗಿಯ ಮುಂಗೈ ಮೇಲೆ ಬೆರಳಿಟ್ಟು, "ತೋಳು ಎರಡು ಬೆರಳು ಮೋಟಾಯಿತು," ಎಂದು ಬೈದುಕೊಂಡು, ಉಣ್ಣೆ ತರಲು ಹೊರಟೇಹೋದಳಂತೆ.

ಮೊನ್ನೆ ಹೈಡೆಲ್‌ಬರ್ಗ್‌ನಿಂದ ಪೊಟ್ಟಣ ಬಂದಿದೆ. ನೀಲಿ ಉಣ್ಣೆ, ತೋಳು ಈ ಸಲ ಧಾರಾಳ. ನಾನು ಇದನ್ನು ಬರೆಯುತ್ತಿರುವಾಗ ನಮ್ಮ ಮನೆಯವರು ಪಕ್ಕದಲ್ಲೇ ಕೂತು ಅರಗು ಕಾಯಿಸುತ್ತಿದ್ದಾರೆ.